ರೈಲಿನ ಹೊಟ್ಟೆ

ಮೊನ್ನೆ ಬೆಂಗಳೂರಿನಲ್ಲಿ ನನ್ನನ್ನು ನೆಲದೊಳಗೆ ಇಳಿಸಿದರು. ಗಾಬರಿಯಾಗಬೇಡಿ, ಉಸಿರು ಇನ್ನೂ ಆಡುತ್ತಿದೆ. ಇಳಿಸಿದ್ದು ಮೆಟ್ರೊ ರೈಲಿನ ಸ್ಟೇಷನ್ನಿಗೆ. ತಾನಾಗಿಯೇ ಇಳಿಯುವ ಮೆಟ್ಟಿಲ ಮೇಲೆ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಿದ್ದಳು, ನಾನು ನನ್ನ ಸೆರಗು ಹಿಡಿದುಕೊಂಡಿದ್ದೆ. ಅಲ್ಲಿ ಅವಳು ನನಗೊಬ್ಬ ಹುಡುಗನನ್ನು ತೋರಿಸಬೇಕಿತ್ತು. ಮದುವೆಯಾದರೆ ಅವನನ್ನೇ ಎಂದು ಮನೆಯಲ್ಲಿ ಪಟ್ಟು ಹಿಡಿದು ಕೂತಿದ್ದಾಳೆ. ನನ್ನ ಮಗ, ಅಂದರೆ ಅವಳಪ್ಪ, 'ಮೊದಲು ಅಜ್ಜಿ ನೋಡಿ ಹೂಂ ಅನ್ನಲಿ' ಎಂದು ಹೊರೆಯನ್ನು ನನ್ನ ತಲೆಗೆ ಜಾರಿಸಿ ತಾನು ಹಾಯಾಗಿದ್ದಾನೆ. ಹೊರಡುವಾಗ ಏನೇನು ಕೇಳಬೇಕೆಂದು ಪಾಠವನ್ನೂ ಹೇಳಿಕೊಟ್ಟಿದ್ದ. ಯಾವ ಊರು, ಯಾವ ಜನ, ಜಮೀನೆಷ್ಟು, ಸಂಬಳವೆಷ್ಟು.

ಹುಡುಗ ಬರುವುದು ತಡವಾಯಿತು. ಮೊಮ್ಮಗಳು ಫೋನಿನಲ್ಲಿ ಪಿಸುಪಿಸು ಮಾತಾಡುತ್ತ ಆ ಕಡೆ ಈ ಕಡೆ ಓಡಾಡಿದಳು. ನಾನು ಕೂತಲ್ಲಿ ಎದುರಿಗೆ ಗೋಡೆಯ ಮೇಲೊಂದು ಬೋರ್ಡಿತ್ತು. ಈ ಬಾಗಿಲಿಂದ ಹೋದರೆ ದೇವಸ್ಥಾನ, ಆ ಬಾಗಿಲಿಂದ ಹೋದರೆ ಮಾರ್ಕೆಟ್ಟು, ಇನ್ನೊಂದು ಬಾಗಿಲಿಗೆ ಉದ್ಯಾನವನ. ಸ್ಟೇಷನ್ನಿನ ಸುತ್ತಮುತ್ತ ನೋಡತಕ್ಕ ಸ್ಥಳಗಳು. ಓದುತ್ತಿದ್ದಂತೆ ನಗು ಬಂತು, ಒಬ್ಬಳೇ ನಕ್ಕೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

ನಮ್ಮಪ್ಪ ಇದ್ದಿದ್ದರೆ ಈ ಬೋರ್ಡಿನ ಕೆಲಸ ಹೋಗಿಬಿಡುತ್ತಿತ್ತು, ನೋಡಿ.

ನಮ್ಮೂರು ಯಲಿಯೂರಿನಿಂದ ಕೂಗಳತೆಯಲ್ಲಿದ್ದ ಒಂದು ಹಳ್ಳಿ. ಅದಕ್ಕೊಂದು ರೈಲ್ವೆ ಸ್ಟೇಷನ್ನಿತ್ತು ಎಂದರೆ ನೀವು ದೊಡ್ಡದಾಗಿ ಕಲ್ಪಿಸಿಕೊಂಡೀರಿ. ತಗಡಿನ ಮಾಡಿನ ಒಂದು ಕೋಣೆ, ಒಂದು ಕಲ್ಲುಬೆಂಚು, ಗಂಟೆಯ ಬದಲು ನೇತುಹಾಕಿದ ಕಂಬಿಯ ತುಂಡು, ಅಷ್ಟೆ. ನಮ್ಮ ತಾತನ ಕಾಲದಲ್ಲಿ ನಮ್ಮ ಹೊಲದ ಒಂದು ಮೂಲೆ ಆ ಸ್ಟೇಷನ್ನಿಗೆ ಹೋಗಿತ್ತಂತೆ. ಅದೊಂದು ಕಾರಣಕ್ಕೆ ಮೈಸೂರಿಂದ ಬೆಂಗಳೂರಿನವರೆಗಿನ ಇಡೀ ರೈಲು ತನ್ನದೇ ಎಂದು ಅಪ್ಪ ತಿಳಿದಿದ್ದ. ಗಾಡಿ ಬರುವ ಹೊತ್ತಿಗೆ ನೇಗಿಲನ್ನಾದರೂ ಬಿಟ್ಟು ಬಂದು, ರುಮಾಲು ಸರಿಮಾಡಿಕೊಂಡು, ಕಲ್ಲುಬೆಂಚಿನ ಪಕ್ಕ ನಿಲ್ಲುತ್ತಿದ್ದ. ಇಳಿದವರು ಯಾರೇ ಆಗಲಿ, ಅವರು ಅಪ್ಪನ ನೆಂಟರು. ನೆಂಟರಿಗೆ ಮೊದಲು ಊರು ತೋರಿಸಬೇಕು, ಆಮೇಲೆ ನೀರು ಕೊಡಬೇಕು. ಎಲ್ಲರ ಮನೆಯಲ್ಲೂ ಇದು ತಿರುವುಮುರುವಾಗಿರುತ್ತದೆ ಎಂದು ಅವ್ವ ಎಷ್ಟು ಸಲ ಹೇಳಿದರೂ ಅವನ ಕಿವಿಗೆ ಬೀಳಲಿಲ್ಲ.

ತೋರಿಸುವುದಕ್ಕೆ ಏನಿತ್ತು ಅಂತೀರಾ? ಎರಡು ತಲೆಯ ಈಚಲುಮರವಿತ್ತು. ಒಂದು ಬಾವಿಯಿತ್ತು, ಅದರ ನೀರು ಮೂಡಲ ಕಡೆ ಸೇದಿದರೆ ಸಿಹಿ, ಪಡುವಲ ಕಡೆ ಸೇದಿದರೆ ಸಪ್ಪೆ. ಈ ವ್ಯತ್ಯಾಸ ಅಪ್ಪನ ನಾಲಗೆಗೆ ಮಾತ್ರ ತಿಳಿಯುತ್ತಿತ್ತು. ದೊರೆ ಕೂತ ಕಲ್ಲಿತ್ತು. ಯಾವ ಕಾಲದಲ್ಲೋ ಇಂಜಿನ್ನು ಕೆಟ್ಟು ಗಾಡಿ ನಿಂತಾಗ ಯಾರೋ ಬಿಳೀ ದೊರೆ ಇಳಿದು ಆ ಕಲ್ಲಿನ ಮೇಲೆ ಕೂತು ಬಾಳೆಹಣ್ಣು ತಿಂದನಂತೆ. ನಾನು ಚಿಕ್ಕವಳಿದ್ದಾಗ ಅವನು ತಿಂದದ್ದು ಒಂದು ಹಣ್ಣು. ನಾನು ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಒಂದು ಚಿಪ್ಪನ್ನೇ ಮುಗಿಸಿದ್ದ. ದೇವರು ಹಾಕುವ ಡಾಕ್ಟರೊಬ್ಬರು, ಅದೇ, ಸಿಡುಬಿಗೆ ಚುಚ್ಚುವವರು, ಅಪ್ಪನನ್ನು ಕಿಟಕಿಯಿಂದ ನೋಡಿದ ಕೂಡಲೇ ಗಾಡಿಯ ಆ ಕಡೆ ಬಾಗಿಲಿಂದ ಧುಮುಕಿ ಕಬ್ಬಿನ ಗದ್ದೆಯೊಳಗೆ ನುಗ್ಗಿಬಿಡುತ್ತಿದ್ದರು. ಪಾಪ, ಅವರನ್ನು ಕಂಡು ಮಕ್ಕಳು ಓಡಬೇಕಾಗಿತ್ತು.

ಎಲ್ಲಕ್ಕಿಂತ ಮೇಲಿನದು ರೈಲಿನ ಹೊಟ್ಟೆ. ಸ್ಟೇಷನ್ನಿನಿಂದ ಮೈಸೂರಿನ ಕಡೆಗೆ ಸ್ವಲ್ಪ ನಡೆದರೆ ಕಂಬಿಯ ಕೆಳಗೆ ನಾಲೆಯ ಕವಲೊಂದು ಹಾಯುವ ಮೋರಿಯಿತ್ತು. ಅದರೊಳಗೆ ಬಗ್ಗಿ ಕೂತು ಮೇಲೆ ನೋಡಿದರೆ ಮರದ ದಿಮ್ಮಿಗಳ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಗಾಡಿ ಬಂದಾಗ ಆಕಾಶ ಹೋಗಿ ರೈಲಿನ ತಳ ಕಾಣುತ್ತಿತ್ತು. "ರೈಲ್ನ ಮಕ ಎಲ್ರೂ ನೋಡವ್ರೆ, ಒಟ್ಟೆ ನೋಡಿರೋರ್ ಯಾರವ್ರೆ ಯೋಳಿ" ಎಂದು ಅಪ್ಪ ಕೇಳುತ್ತಿದ್ದ. ಯಾರೂ ಇರಲಿಲ್ಲ. ಯಾಕಾದರೂ ನೋಡಬೇಕು ಎಂದು ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಇನ್ನು ನನ್ನ ಸಮಾಚಾರ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಇರಬೇಕು. ಸೀಮೆಎಣ್ಣೆಗೆ ಇನ್ನೂ ರೇಷನ್ನು, ನನಗೆ ಮದುವೆಯ ವಯಸ್ಸು. ಇದೇ ರೈಲಿನಲ್ಲಿ ಮಂಡ್ಯಕ್ಕೆ ಹೋಗಿಬಂದು ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಅವ್ವನಿಗೆ ನನ್ನನ್ನು ತನ್ನ ತಮ್ಮನಿಗೇ ಕೊಡಬೇಕೆಂದು ಆಸೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದಲ್ಲ. ಮನೆಯ ಹೆಣ್ಣು ಮನೆಯಲ್ಲೇ ಉಳಿಯುತ್ತದೆ ಎನ್ನುತ್ತಾರೆ. ಕಿರುಗಾವಲಿನ ಆ ಮಾವ ಒಳ್ಳೆಯ ಮನುಷ್ಯ. ಆದರೆ ನನ್ನನ್ನು ಸೊಂಟದ ಮೇಲೆ ಎತ್ತಿ ಆಡಿಸಿದ್ದವನು, ಹೆಂಡತಿ ತೀರಿಕೊಂಡಿದ್ದವನು, ಮೂಗಿನ ತುಂಬ ನಶ್ಯ ಏರಿಸಿ ಸೀನಿದರೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಅವನನ್ನು ಗಂಡ ಎಂದು ನೆನೆಸಿಕೊಂಡರೆ ನನಗೆ ಅಳುವೂ ಬರುತ್ತಿತ್ತು, ಸೀನೂ ಬರುತ್ತಿತ್ತು.

ಅಷ್ಟರಲ್ಲಿ ಮದ್ದೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮಿಡ್ಲಿಸ್ಕೂಲಿನ ಮೇಷ್ಟ್ರು, ಓದು ಬಲ್ಲ ಹುಡುಗಿಯೇ ಬೇಕು ಅಂದಿದ್ದಾನಂತೆ. ಆ ಒಂದು ಮಾತು ಕೇಳಿ ನಾನು ಅವನನ್ನು ನೋಡದೆಯೇ ಒಪ್ಪಿಬಿಟ್ಟಿದ್ದೆ. ನಮ್ಮ ಮನೆಯಲ್ಲಿ ನಾನು ಪುಸ್ತಕ ಹಿಡಿದರೆ 'ಒಲೆ ಮುಂದೆ ಹಿಡಿ, ಬೆಂಕಿನಾದ್ರೂ ಹತ್ತುತ್ತೆ' ಎನ್ನುತ್ತಿದ್ದರು. ಅವ್ವ ಖಡಾಖಂಡಿತವಾಗಿ ಹೇಳಿದಳು: "ನೋಡು ಮಗ, ಈ ಸುಕ್ರವಾರ ಮದ್ದೂರೋರು ಒಪ್ಪುದ್ರೆ ಸರಿ. ಇಲ್ಲಾಂದ್ರೆ ಮಾತಿಲ್ಲ, ಕತೆಯಿಲ್ಲ, ನನ್ ತಮ್ಮಂಗೇ."

ಆ ಶುಕ್ರವಾರ ಬೆಳಗಿನ ಗಾಡಿ ತಡವಾಗಿ ಬಂತು. ಅದರಿಂದಲೇ ಎಲ್ಲ ಆಗಿದ್ದು. ಗಾಡಿ ಬರುವಷ್ಟರಲ್ಲಿ ರಾಹುಕಾಲ ಹತ್ತಿತು. ರಾಹುಕಾಲದಲ್ಲಿ ಹೆಣ್ಣು ನೋಡುವುದುಂಟೆ, ಹೊಸಿಲು ತುಳಿಯುವುದುಂಟೆ? ಹುಡುಗ, ಅವನಪ್ಪ, ಇಬ್ಬರೇ ಇಳಿದರು. ಹುಡುಗನೇ ಬಂದದ್ದು ಆಗಿನ ಕಾಲಕ್ಕೆ ಅಪರೂಪ. (ಅವರನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಬೇಸರಪಡಬೇಡಿ. ಆಗಿನ್ನೂ ನನಗೆ ಏನೂ ಆಗಬೇಕಿರಲಿಲ್ಲ.) ಮನೆಗೆ ಬರುವ ಹಾಗಿಲ್ಲ, ಸ್ಟೇಷನ್ನಿನಲ್ಲಿ ಕೂರಿಸುವ ಹಾಗೂ ಇಲ್ಲ. ಅಪ್ಪನ ಮುಖ ಅರಳಿತಂತೆ. "ರಾಹುಕಾಲ ಕಳೆಯೋಗಂಟ ಇಂಗೇ ಒಂದ್ ಸುತ್ತು ಓಗ್ಬರವಾ ಬನ್ನಿ ಗೌಡ್ರೆ" ಎಂದ.

ಮುಂದೆ ಹೊರಗೆ ನಡೆದದ್ದನ್ನು ನಾನು ಕಂಡಿಲ್ಲ. ಅಪ್ಪ ಒಂದು ಥರ ಹೇಳಿದ, ಹುಡುಗ ಆಮೇಲೆ ಇನ್ನೊಂದು ಥರ ಹೇಳಿದ. ಇಬ್ಬರೂ ಒಪ್ಪಿದಷ್ಟನ್ನು ಹೇಳುತ್ತೇನೆ.

ಮೊದಲು ಈಚಲುಮರ ತೋರಿಸಿದ್ದಾಯಿತು. ಹುಡುಗನ ಅಪ್ಪ ತಲೆಯೆತ್ತಿ ನೋಡಿ, "ಒಸಿ ಸೊಟ್ಟ ಅದೆ" ಎಂದರಂತೆ. ಅಪ್ಪ ಅವಮಾನ ನುಂಗಿಕೊಂಡು ದೊರೆ ಕೂತ ಕಲ್ಲಿಗೆ ಕರೆದುಕೊಂಡು ಹೋದ. ಅವರು ಆ ಕಲ್ಲಿನ ಮೇಲೇ ಕೂತು ಎಲೆಯಡಿಕೆ ಹಾಕಿಕೊಂಡು, ತಮ್ಮೂರಿನ ಸ್ಟೇಷನ್ನಿನ ಸುದ್ದಿ ತೆಗೆದರು. ಅಪ್ಪನಿಗೆ ಇಂಥ ಎದುರಾಳಿ ಜೀವನದಲ್ಲಿ ಸಿಕ್ಕಿರಲಿಲ್ಲ.

"ನಮ್ ಮದ್ದೂರಾಗೆ ಗಾಡಿ ನಿಂತ್ರೆ ವಡೆ ಬತ್ತದೆ ಗೌಡ್ರೆ. ಕಿಟಕಿಗೇ ಬತ್ತದೆ, ಬಿಸೀದು. ನಿಮ್ ಟೇಸನ್ನಾಗೆ ಏನ್ ಬತ್ತದೆ?"

"ನಮ್ ಟೇಸನ್ನಾಗೆ ನಾನ್ ಬತ್ತೀನಿ" ಎಂದ ಅಪ್ಪ.

ಅಲ್ಲಿಂದ ಬಾವಿ. ಅವರು ಎರಡೂ ಕಡೆ ನೀರು ಕುಡಿದು ಎರಡೂ ಒಂದೇ ಎಂದರು. ಅಪ್ಪ ಮತ್ತೆ ಸೇದಿ ಕುಡಿಸಿದ. ಮತ್ತೆ ಒಂದೇ ಎಂದರು. ಅಲ್ಲಿಂದ ಆಲೆಮನೆ. ಹೆಣ್ಣಿನ ಮನೆಯಲ್ಲಿ ಒಪ್ಪಿಗೆಯಾಗದೆ ಉಣ್ಣುವ ಹಾಗಿಲ್ಲ, ಆದರೆ ಆಲೆಮನೆ ಮನೆಯಲ್ಲವಲ್ಲ. ಕಬ್ಬಿನ ಹಾಲು ಚೊಂಬುಗಟ್ಟಲೆ ಇಳಿಯಿತು, ಬಿಸಿ ಬೆಲ್ಲ ಎಲೆಯ ಮೇಲೆ ಬಂತು. ಹುಡುಗನದು ಮಾತ್ರ ಬಂದಾಗಿನಿಂದ ಒಂದೇ ಮಾತು. ಅಪ್ಪ ಏನು ತೋರಿಸಿದರೂ "ಓಹೋ ಗೌಡ್ರೆ" ಎನ್ನುತ್ತಿದ್ದನಂತೆ.

ಇತ್ತ ಮನೆಯಲ್ಲಿ ನನ್ನ ಪಾಡು ಕೇಳಿ. ನಸುಕಿನಲ್ಲೇ ತಲೆಗೆ ನೀರು ಹಾಕಿ, ಅವ್ವನ ಮದುವೆಯ ರೇಷ್ಮೆ ಸೀರೆ ಉಡಿಸಿ, ಕದಲದ ಹಾಗೆ ಮಣೆಯ ಮೇಲೆ ಕೂರಿಸಿದ್ದರು. ಆ ಸೀರೆ ನನಗಿಂತ ಭಾರವಿತ್ತು. ತುಪ್ಪದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು, ಬಂದವರು ತಿನ್ನದೆ ನಾನು ತಿನ್ನುವಂತಿಲ್ಲ. ರಾಹುಕಾಲ ಕಳೆಯಿತು. ಯಾರೂ ಬರಲಿಲ್ಲ. ಹಿಂದಿನ ದಿನವೇ ಬಂದು ಉಳಿದಿದ್ದ ತನ್ನ ತಮ್ಮನನ್ನು ಅವ್ವ ಅಟ್ಟಿದಳು: "ಓಗ್ಲಾ, ಅವ್ರನ್ನ ಎಳ್ಕಂಡ್ ಬಾ. ಎಣ್ಣು ತೋರ್ಸೋದ್ ಬುಟ್ಟು ಈಚಲುಮರ ತೋರುಸ್ತಾವ್ನೆ ನಿಮ್ ಬಾವ. ಅವ್ನಿಗೇನ್ ಬುದ್ಧಿ ಅದಾ?"

ಮಾವ ಹೋದ. ಹೋದವನು ಹೋದ. ಕಿರುಗಾವಲಿಗೆ ರೈಲಿಲ್ಲ, ಇದ್ದಿಲು ಉರಿಸಿ ಓಡುವ ಬಸ್ಸೊಂದೇ. ರೈಲು ಅಂದರೆ ಅವನಿಗೂ ಸಣ್ಣ ಹುಚ್ಚಿತ್ತು. ಅವನು ಆಲೆಮನೆ ಸೇರುವ ಹೊತ್ತಿಗೆ ಅಲ್ಲಿ ಜಗಳ ಕೊನೆಯ ಘಟ್ಟಕ್ಕೆ ಬಂದಿತ್ತು.

"ನಿಮ್ದೇನೇ ಯೋಳಿ ಗೌಡ್ರೆ, ನಮ್ಗೆ ಸಿಂಸಾ ಒಳೆ ಅದೆ, ಅದ್ರ ಮ್ಯಾಲೆ ಸೇತ್ವೆ ಅದೆ, ಸೇತ್ವೆ ಮ್ಯಾಲೆ ರೈಲ್ ಓಯ್ತದೆ" ಎಂದರು ಹುಡುಗನ ಅಪ್ಪ.

"ಓಯ್ತದೆ. ತಳಕ್ಕೋಗಿ ನೋಡಿದ್ದೀರಾ? ಅದ್ರ ಒಟ್ಟೆ ನೋಡಿದ್ದೀರಾ?"

ಅವರು ನೋಡಿರಲಿಲ್ಲ. "ತೋರ್ಸಿ ನೋಡವಾ" ಎಂದು ಎದ್ದರು. "ನಾನೂ ನೋಡಿಲ್ಲ ಕಣ್ ಬಾವ" ಎಂದು ಮಾವನೂ ಸೇರಿಕೊಂಡ. ಯಾರನ್ನು ಯಾತಕ್ಕೆ ಕರೆಯಲು ಬಂದಿದ್ದೆ ಎನ್ನುವುದು ಅವನ ತಲೆಯಿಂದ ನಶ್ಯದ ಜೊತೆಗೇ ಹಾರಿಹೋಯಿತು.

ರೈಲಿನ ಹೊಟ್ಟೆ ನೋಡಬೇಕಾದರೆ ರೈಲು ಬರಬೇಕು. ಗೂಡ್ಸು ಗಾಡಿಯೊಂದು ಬರುವುದಿದೆ ಎಂದು ಅಪ್ಪನ ಲೆಕ್ಕ. ಅದರ ಹಿಂದೆಯೇ ಮದ್ದೂರಿಗೆ ವಾಪಸು ಹೋಗುವ ಮಧ್ಯಾಹ್ನದ ಗಾಡಿ. ಗೂಡ್ಸಿನ ಹೊಟ್ಟೆ ನೋಡಿ, ಓಡಿಬಂದು ಹೆಣ್ಣು ನೋಡಿ, ಗಾಡಿ ಹಿಡಿದರಾಯಿತು ಎಂದುಕೊಂಡ. ಮರ್ಯಾದಸ್ಥರಾದ ನಾಲ್ವರು ಗಂಡಸರು ಪಂಚೆ ಎತ್ತಿ ಕಟ್ಟಿ ಮೋರಿಯೊಳಗೆ ಕುಕ್ಕರಗಾಲಿನಲ್ಲಿ ಕೂತು ಆಕಾಶ ನೋಡತೊಡಗಿದರು. ಬಹಳ ಹೊತ್ತು ನೋಡಿದರು. ಆಗ ಮಾವನಿಗೆ ಸೀನು ಬಂದು ಇಡೀ ಮೋರಿ ಗುಡುಗಿತು. ಹುಡುಗ ಗಾಡಿಯೇ ಬಂತೆಂದು ಬೆಚ್ಚಿಬಿದ್ದನಂತೆ.

ಕೊನೆಗೆ ನಿಜವಾಗಿಯೇ ಬಂತು. ಧಡಧಡ ಮೇಲೆ ಹಾಯುತ್ತಿರುವಾಗ ಅಪ್ಪ ಕಿರುಚಿದ: "ನೋಡಿ! ನೋಡಿ! ಒಟ್ಟೆ!" ಹುಡುಗನ ಅಪ್ಪ, ಮಾವ ಇಬ್ಬರೂ ಬಾಯಿಬಿಟ್ಟುಕೊಂಡು ನೋಡಿದರು. ಗಾಡಿ ದಾಟಿ ಆಕಾಶ ಮತ್ತೆ ಕಂಡಿತು. ಆಗ ಹುಡುಗ ಮೋರಿಯಿಂದ ತಲೆ ಹೊರಗೆ ಹಾಕಿ, ಹೋಗುತ್ತಿದ್ದ ಗಾಡಿಯನ್ನು ನೋಡಿ, ಮೊಟ್ಟಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಆಡಿದ. "ಗೌಡ್ರೆ, ಗೂಡ್ಸು ಗಾಡೀಲಿ ಜನ ಕೂತಿರ್ತಾರಾ?"

ಅದು ಗೂಡ್ಸಾಗಿರಲಿಲ್ಲ.

ನಾನು ಮಣೆಯ ಮೇಲಿಂದಲೇ ಗಾಡಿಯ ಕೂಗು ಕೇಳಿದೆ. ಎದ್ದು ಬಾಗಿಲಿಗೆ ಬಂದೆ. ನಮ್ಮ ಮನೆಯ ಬಾಗಿಲಿಗೆ ಕಂಬಿ ಕಾಣುತ್ತಿತ್ತು. ಕಂಬಿಯ ಪಕ್ಕದ ಏರಿಯ ಮೇಲೆ ಅಪ್ಪ ಮುಂದೆ, ರುಮಾಲು ಕೈಯಲ್ಲಿ ಹಿಡಿದ ಮುದುಕರೊಬ್ಬರು ಹಿಂದೆ, ಅವರ ಹಿಂದೊಬ್ಬ ಹುಡುಗ, ಕೊನೆಯಲ್ಲಿ ಮಾವ, ಎಲ್ಲರೂ ಸ್ಟೇಷನ್ನಿನ ಕಡೆ ಓಡುತ್ತಿದ್ದರು. ಮನೆಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ನನ್ನನ್ನು ನೋಡಲು ಬಂದವರು ಎಲ್ಲವನ್ನೂ ನೋಡಿಕೊಂಡು, ನನ್ನೊಬ್ಬಳನ್ನು ಬಿಟ್ಟು, ಹೊರಟಿದ್ದರು. ಅವ್ವ ಹಿಂದಿನಿಂದ ಬಂದು ನೋಡಿ, ಹಣೆ ಚಚ್ಚಿಕೊಂಡು, "ಬುಡು, ನನ್ ತಮ್ಮನ್ ಋಣ ಇತ್ತು" ಎಂದಳು.

ಆ ಮಾತು ಕಿವಿಗೆ ಬಿದ್ದದ್ದೇ ನಾನು ಸೀರೆ ಎತ್ತಿ ಹಿಡಿದು ಓಡಿದೆ. ಹಸಿವು, ಸಿಟ್ಟು, ಹೆದರಿಕೆ, ಯಾವುದು ಓಡಿಸಿತೋ ತಿಳಿಯದು. ಆ ದಿನ ಬ್ರೇಕ್‌ವ್ಯಾನಿಗೆ ಬೆಲ್ಲದ ಮೂಟೆಗಳನ್ನು ಏರಿಸುತ್ತಿದ್ದರು, ಇಲ್ಲದಿದ್ದರೆ ನಮ್ಮೂರಿನಲ್ಲಿ ಗಾಡಿ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಅಪ್ಪ ಮಗ ಇಬ್ಬರೂ ಹತ್ತಿ ಕೂತಿದ್ದರು. ನಮ್ಮಪ್ಪ ಕಿಟಕಿಯ ಹೊರಗೆ ನಿಂತು, "ಮದ್ದೂರಾಗಿಲ್ಲ ಅಂತ ಒಪ್ಕಳಿ ಗೌಡ್ರೆ" ಎಂದು ಏದುಸಿರಿನಲ್ಲೇ ವಾದ ಮುಂದುವರಿಸಿದ್ದ.

ನಾನು ಅಪ್ಪನನ್ನು ಪಕ್ಕಕ್ಕೆ ಸರಿಸಿ ಕಿಟಕಿಯ ಮುಂದೆ ನಿಂತೆ.

"ಯಾರವ್ವ ನೀನು?" ಎಂದರು ಮುದುಕರು.

"ಎಣ್ಣು" ಎಂದೆ. "ನನ್ ನೋಡಾಕೆ ಬಂದಿದ್ರಂತೆ. ನೋಡ್ಕಳಿ."

ಅವರು ರುಮಾಲಿನಿಂದ ತಮ್ಮ ತಲೆಗೇ ಹೊಡೆದುಕೊಂಡರು. "ಅಯ್ಯೋ ಸಿವನೇ! ನಾವ್ ಬಂದಿದ್ದೇ ಅದ್ಕಲ್ವಾ!"

ಅಪ್ಪ ಈಗ ತಾನೇ ನಿದ್ದೆಯಿಂದ ಎದ್ದವನಂತೆ ನನ್ನನ್ನು ನೋಡಿದ. ಪಾಪ, ನನ್ನನ್ನು ತೋರಿಸಬೇಕಿತ್ತು ಎನ್ನುವುದು ಆಗ ನೆನಪಾಗಿರಬೇಕು. ಅವನ ಮುಖ ಎಷ್ಟು ಸಣ್ಣದಾಯಿತೆಂದರೆ ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಆದರೂ ನಾನು ಕದಲದೆ ನಿಂತೆ. ಹುಡುಗ ನನ್ನನ್ನು ನೋಡಿದ. ನಾನೂ ನೋಡಿದೆ, ಹೆಣ್ಣು ತಲೆ ತಗ್ಗಿಸಿ ಕೂರಬೇಕೆಂಬ ಶಾಸ್ತ್ರ ಮಣೆಯ ಮೇಲೇ ಉಳಿದಿತ್ತು. ಅವನ ಮೀಸೆಗೆ ಬೆಲ್ಲ ಮೆತ್ತಿತ್ತು, ಕೆನ್ನೆಗೆ ಇದ್ದಿಲ ಮಸಿ, ಮೊಣಕಾಲವರೆಗೆ ನಾಲೆಯ ಕೆಸರು. ಕಣ್ಣು ಮಾತ್ರ ನಗುತ್ತಿತ್ತು. ಅಂಥ ಚೆಂದದ ಕಣ್ಣನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗಾಡಿ ಹೊರಟಿತು. ಹುಡುಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನನ್ನೇ ನೋಡುತ್ತ, ಅಪ್ಪನಿಗೆ ಕೂಗಿ ಹೇಳಿದ: "ಮಾವ! ನಾನು ಒಟ್ಟೆ ನೋಡ್ಲಿಲ್ಲ! ಕಣ್ ಮುಚ್ಕೊಂಡ್‌ಬುಟ್ಟಿದ್ದೆ! ಮುಂದಿನ್ ಸುಕ್ರವಾರ ಬತ್ತೀನಿ ಮಾವ!"

ಬೆಳಗಿನಿಂದ 'ಗೌಡ್ರೆ' ಎನ್ನುತ್ತಿದ್ದವನು ಈಗ ಮಾವ ಎಂದಿದ್ದ, ಅದೂ ಎರಡು ಸಲ. ನನ್ನ ಹಿಂದೆ ಓಡಿಬಂದು ನಿಂತಿದ್ದ ಅವ್ವನಿಗೆ ಅದು ಕೇಳಿಸಿತು. ಅವಳು ಸೆರಗಿನಿಂದ ಮೊದಲು ತನ್ನ ಕಣ್ಣೊರೆಸಿಕೊಂಡು ಆಮೇಲೆ ನನ್ನ ಹಣೆಯ ಬೆವರೊರೆಸಿದಳು. ಅಪ್ಪನಿಗೆ ಮಾತ್ರ ಏನೂ ಹೊಳೆಯಲಿಲ್ಲ. "ಬನ್ನಿ ಬನ್ನಿ, ಈ ಸಲಿ ಗೂಡ್ಸೇ ತೋರುಸ್ತೀನಿ, ಅದ್ರದು ಉದ್ದ ಒಟ್ಟೆ!" ಎಂದು ಗಾಡಿಯ ಹಿಂದೆ ಓಡಿದ.

ಮಾವ ಬಂದು ನನ್ನ ತಲೆ ಸವರಿದ. "ಕೂಸೇ, ನೀನೂ ಬದುಕ್ದೆ, ನಾನೂ ಬದುಕ್ದೆ ಕಣೆ. ನಿಮ್ಮವ್ವಂಗೆ ಎದ್ರುಕಂಡು ಬಾಯ್ ಬುಡ್ನಿಲ್ಲ ನಾನು" ಎಂದು ಮನಸಾರೆ ಸೀನಿದ. ಅವನೂ ಅಷ್ಟು ದಿನ ಹೆದರಿಕೊಂಡಿದ್ದ ಎಂಬುದು ನನಗೆ ಆಗಲೇ ತಿಳಿದದ್ದು.

ಮುಂದಿನ ಶುಕ್ರವಾರ ಹುಡುಗ ಬಂದ, ಮೋರಿಗೆ ಇಳಿದ, ನೋಡಿದ. ಇನ್ನು ಬಹುವಚನ ಶುರುಮಾಡುತ್ತೇನೆ. ಮದುವೆಯಾದ ಮೇಲೆ ಒಂದು ದಿನ ಅವರನ್ನು, ಹೊಟ್ಟೆ ಹೇಗಿತ್ತು, ನಿಜ ಹೇಳಿ, ಎಂದು ಕೇಳಿದೆ. "ಏನೂ ಕಾಣ್ಲಿಲ್ಲ ಕಣೆ. ಕಪ್ಪಗೆ ಏನೋ ಓಯ್ತು, ಮೂಗಿನ ಮೇಲೆ ಎಣ್ಣೆ ಬಿತ್ತು" ಎಂದರು. ಆದರೆ ಅಪ್ಪನ ಎದುರಿಗೆ, ಅಪ್ಪ ಇರುವವರೆಗೂ, ಕೇಳಿದಾಗಲೆಲ್ಲ, "ನಮ್ ಮದ್ದೂರಾಗೆ ಇಂಥದ್ದಿಲ್ಲ ಬುಡಿ ಮಾವ" ಎನ್ನುತ್ತಿದ್ದರು. ಅಪ್ಪ ಆ ಮಾತು ಕೇಳುವುದಕ್ಕೇ ವರ್ಷಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಿದ್ದ. ಅವರು ನನಗೆ ಪುಸ್ತಕ ತಂದುಕೊಟ್ಟರು, ನಾನು ಓದಿದೆ, ಎಲ್ಲ ನಿಜ. ಆದರೆ ನಾನು ಅವರನ್ನು ಪ್ರೀತಿಸಿದ್ದು ಆ ಒಂದು ಸುಳ್ಳಿಗೆ. ಅವರು ಹೋಗಿ ವರ್ಷಗಳಾದವು, ಆ ಸುಳ್ಳು ನೆನೆಸಿಕೊಂಡರೆ ಈಗಲೂ ಎದೆ ತುಂಬಿಬರುತ್ತದೆ.

"ಅಜ್ಜಿ, ಬಂದ" ಎಂದಳು ಮೊಮ್ಮಗಳು.

ಹುಡುಗ ಎದುರಿಗೆ ನಿಂತಿದ್ದ. ಓಡಿಬಂದಿದ್ದನೆಂದು ಕಾಣುತ್ತದೆ, ಅಂಗಿಯೆಲ್ಲ ಒದ್ದೆ. ಬಗ್ಗಿ ಕಾಲು ಮುಟ್ಟಿದ. ಮೊಮ್ಮಗಳು ಉಗುರು ಕಚ್ಚುತ್ತ ನನ್ನ ಬಾಯನ್ನೇ ನೋಡುತ್ತಿದ್ದಳು. ಮಗ ಹೇಳಿಕೊಟ್ಟ ಪ್ರಶ್ನೆಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ಬಂದದ್ದನ್ನೇ ಕೇಳಿದೆ.

"ಏನಪ್ಪಾ, ನಿಮ್ಮಪ್ಪನಿಗೆ ಬಂದವರಿಗೆಲ್ಲ ಊರು ತೋರಿಸೋ ಚಟ ಏನಾದರೂ ಇದೆಯಾ?"

ಅವನು ಮೊಮ್ಮಗಳ ಮುಖ ನೋಡಿದ. ಈ ಗುಟ್ಟನ್ನು ಅವಳೇ ಬಿಟ್ಟುಕೊಟ್ಟಳೆಂದು ತಿಳಿದನೋ ಏನೋ. "ಇದೆ ಅಜ್ಜಿ" ಎಂದ ಸಣ್ಣ ದನಿಯಲ್ಲಿ. "ಕೆರೆ ಕೋಡಿ ತೋರಿಸದೆ ಯಾರಿಗೂ ಕಾಫೀನೂ ಕೊಡಲ್ಲ ಅವರು. ಬೇಸಿಗೇಲಿ ಕೋಡೀಲಿ ನೀರೇ ಇರಲ್ಲ, ಆದ್ರೂ ತೋರಿಸ್ತಾರೆ."

"ಆಗ ನೀನೇನು ಮಾಡ್ತೀಯಾ?"

"ನಾನೂ ಜೊತೇಲಿ ಹೋಗ್ತೀನಿ. ಈ ಸಲ ಚೆನ್ನಾಗಿದೆ ಕಣಪ್ಪ ಅಂತೀನಿ. ಖುಷಿಪಡ್ತಾರೆ."

ನಾನು ಮೊಮ್ಮಗಳ ಫೋನು ಇಸಕೊಂಡು ಅಲ್ಲಿಂದಲೇ ಮಗನಿಗೆ ಹೂಂ ಎಂದೆ. ಅವನು ಸಡಗರದಿಂದ, "ಯಾವೂರಂತಮ್ಮ? ಜಮೀನೆಷ್ಟಂತೆ?" ಎಂದ.

"ಅದೆಲ್ಲ ಕೇಳಲಿಲ್ಲ ಕಣೋ. ಕೆರೆ ಕೋಡಿ ಇದೆಯಂತೆ, ನೀರಿಲ್ಲವಂತೆ" ಎಂದು ಫೋನು ಇಟ್ಟೆ.